ತೂಕ ಇಳಿಸುವ ಚುಚ್ಚುಮದ್ದು ಬಿಪಿ ಏರಿಸುತ್ತದೆಯೇ?

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ, ತೂಕ 98 ಕಿಲೋ. ಸಕ್ಕರೆ ಕಾಯಿಲೆ ಇಲ್ಲ. ಆರು ವರ್ಷಗಳಿಂದ ಬಿಪಿಗೆ ಟೆಲ್ಮಿಸಾರ್ಟಾನ್ ಮತ್ತು ಅಟೆನೊಲಾಲ್ ತೆಗೆದುಕೊಳ್ಳುತ್ತಿದ್ದಾರೆ. ಈಗ ವೈದ್ಯರು ವಾರಕ್ಕೊಮ್ಮೆ ಹಾಕಿಕೊಳ್ಳುವ ಸೆಮಾಗ್ಲುಟೈಡ್ ಚುಚ್ಚುಮದ್ದು ಬರೆದುಕೊಟ್ಟಿದ್ದಾರೆ. ನಮ್ಮಣ್ಣನದು ಔಷಧ ಅಂಗಡಿ. ತೂಕ ಇಳಿಸುವ ಮಾತ್ರೆಗಳು ಬಿಪಿ ಏರಿಸಿ ಹೃದಯಾಘಾತ ತಂದದ್ದನ್ನು ಕಂಡಿದ್ದೇನೆ, ಬೇಡ ಎನ್ನುತ್ತಾನೆ. ಬಿಪಿ ಮಾತ್ರೆಯಿಂದಲೇ ಇವರು ದಪ್ಪಗಾದದ್ದು ಎಂದು ನಾದಿನಿ ಹೇಳುತ್ತಾಳೆ. ಟೆಲ್ಮಿಸಾರ್ಟಾನ್ ಇಲಿಗಳಲ್ಲಿ ಕೊಬ್ಬು ಕರಗಿಸಿತು ಎಂದು ನಾನೇ ಎಲ್ಲೋ ಓದಿದ್ದೇನೆ. ಇದರಲ್ಲಿ ಯಾವುದನ್ನು ನಂಬುವುದು? ತೂಕ ಇಳಿದ ಮೇಲೆ ಬಿಪಿ ಮಾತ್ರೆ ಬಿಡಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಉಳಿದದ್ದನ್ನೆಲ್ಲ ನಿಧಾನವಾಗಿ ಮಾತಾಡೋಣ, ಒಂದನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ. ನಾದಿನಿಯ ಮಾತು ಕೇಳಿ ಅಟೆನೊಲಾಲನ್ನು ನೀವಾಗಿಯೇ ನಿಲ್ಲಿಸಬೇಡಿ. ಆ ಮಾತ್ರೆಯಿಂದಾಗಿ ವರ್ಷಗಟ್ಟಲೆ, ನಾಡಿ ಓಡಿಸುವ ಅಡ್ರಿನಲಿನ್‌ನ ಹೊಡೆತದಿಂದ ಮರೆಯಲ್ಲಿದ್ದ ಹೃದಯ, ಆ ಮರೆ ಹಠಾತ್ತನೆ ಸರಿದಾಗ ಮೊದಲಿಗಿಂತ ಜೋರಾಗಿ ಸ್ಪಂದಿಸುತ್ತದೆ. ನಾಡಿ ಓಡುತ್ತದೆ, ಒತ್ತಡ ಜಿಗಿಯುತ್ತದೆ. ಹೃದಯದ ರಕ್ತನಾಳಗಳಲ್ಲಿ ಯಾರಿಗೂ ತಿಳಿಯದ ಅಡಚಣೆ ಇದ್ದರೆ ಎದೆನೋವು, ಹೃದಯಾಘಾತದವರೆಗೂ ಹೋಗಬಹುದು. ನಿಲ್ಲಿಸುವುದೇ ಆದರೆ ವೈದ್ಯರ ನಿಗಾದಲ್ಲಿ, ಹಂತಹಂತವಾಗಿ.

ಇನ್ನು ನಿಮ್ಮಣ್ಣನ ಮಾತು. ಅವರು ಕಂಡದ್ದು ಸುಳ್ಳಲ್ಲ. ಆದರೆ ಅವರು ಕಂಡದ್ದು ಬೇರೆ ಔಷಧ. ನಾನು ರೋಗಿಯ ನಾಡಿ ಹಿಡಿದು ನೋಡುವ ವೈದ್ಯನಲ್ಲ, ಔಷಧಶಾಸ್ತ್ರದ ಸಂಶೋಧಕ. ಬೊಜ್ಜಿನ ಔಷಧ ರಕ್ತದೊತ್ತಡಕ್ಕೆ ಏನು ಮಾಡುತ್ತದೆ, ರಕ್ತದೊತ್ತಡದ ಔಷಧ ಬೊಜ್ಜಿಗೆ ಏನು ಮಾಡುತ್ತದೆ ಎಂಬುದೇ ನನ್ನ ಕಸುಬು. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಿಮ್ಮಣ್ಣನ ಮನಸ್ಸಿನಲ್ಲಿರುವುದು ಬಹುಶಃ ಸಿಬುಟ್ರಮಿನ್. ಮೊದಲಿಗೆ ಅದನ್ನು ಖಿನ್ನತೆಯ ಮದ್ದೆಂದು ಪರೀಕ್ಷಿಸಿದ್ದರು. ಖಿನ್ನತೆಗೆ ಅಷ್ಟಾಗಿ ಕೆಲಸ ಮಾಡಲಿಲ್ಲ, ತೆಗೆದುಕೊಂಡವರ ತೂಕ ಮಾತ್ರ ಇಳಿಯಿತು. 1997ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಫೆನ್‌ಫ್ಲುರಮಿನ್ ಎಂಬ ಜನಪ್ರಿಯ ಬೊಜ್ಜಿನ ಮಾತ್ರೆಯನ್ನು ಹೃದಯದ ಕವಾಟಗಳಿಗೆ ಹಾನಿ ಮಾಡುತ್ತದೆ ಎಂದು ಹಿಂತೆಗೆದರು. ಎರಡೇ ತಿಂಗಳಲ್ಲಿ, ಅದೇ ನವೆಂಬರಿನಲ್ಲಿ, ಸಿಬುಟ್ರಮಿನ್‌ಗೆ ಪರವಾನಗಿ ಸಿಕ್ಕಿತು. ಖಾಲಿಯಾದ ಕುರ್ಚಿ ಹೆಚ್ಚು ದಿನ ಖಾಲಿ ಉಳಿಯಲಿಲ್ಲ. ಭಾರತದಲ್ಲಿಯೂ ಅದು ಧಾರಾಳವಾಗಿ ಮಾರಾಟವಾಯಿತು.

ಅದರ ಕೆಲಸ ಹೀಗೆ. ನರದ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಹೊರಬಿದ್ದು ಮುಂದಿನ ಕೋಶಕ್ಕೆ ಸಂದೇಶ ಮುಟ್ಟಿಸಿದ ಮೇಲೆ, ನರವೇ ಅದನ್ನು ಮತ್ತೆ ಒಳಗೆ ಹೀರಿಕೊಳ್ಳುತ್ತದೆ. ಸಿಬುಟ್ರಮಿನ್ ಆ ಹೀರಿಕೆಯನ್ನು ತಡೆಯುತ್ತದೆ. ಮಿದುಳಿನಲ್ಲಿ ನಾರ್‌ಅಡ್ರಿನಲಿನ್ ಮತ್ತು ಸಿರೊಟೊನಿನ್ ಹೆಚ್ಚು ಹೊತ್ತು ಉಳಿದರೆ ಹೊಟ್ಟೆ ಬೇಗ ತುಂಬಿದಂತೆ ಅನ್ನಿಸುತ್ತದೆ, ಅಲ್ಲಿಯವರೆಗೆ ಒಳ್ಳೆಯದೇ. ಆದರೆ ಅದೇ ನಾರ್‌ಅಡ್ರಿನಲಿನ್ ಹೃದಯದಲ್ಲಿಯೂ ರಕ್ತನಾಳಗಳ ಗೋಡೆಯಲ್ಲಿಯೂ ಉಳಿಯುತ್ತದೆ. ಅಲ್ಲಿ ಅದರ ಕೆಲಸ ನಾಡಿಯನ್ನು ಓಡಿಸುವುದು, ನಾಳಗಳನ್ನು ಬಿಗಿಯುವುದು.

ಸರ್ಪಗಂಧ ಎಂಬ ಗಿಡಮೂಲಿಕೆ ಇದಕ್ಕೆ ನೇರ ವಿರುದ್ಧ. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಸರ್ಪಗಂಧದ ಬೇರಿನಿಂದ ರಕ್ತದೊತ್ತಡ ಇಳಿಯುತ್ತದೆ ಎಂದು ತಮ್ಮ ರೋಗಿಗಳ ದಾಖಲೆ ಸಮೇತ ಬರೆದರು. ಅನಂತರ ಅದರಿಂದ ಬೇರ್ಪಡಿಸಿದ ರಿಸರ್ಪಿನ್ ಎಂಬ ಅಂಶ ನರದ ತುದಿಯಲ್ಲಿರುವ ನಾರ್‌ಅಡ್ರಿನಲಿನ್ ದಾಸ್ತಾನನ್ನೇ ಬರಿದು ಮಾಡುತ್ತದೆ ಎಂದು ಗೊತ್ತಾಯಿತು. ಅಂದರೆ ಒಂದೇ ರಾಸಾಯನಿಕವನ್ನು ಬರಿದು ಮಾಡಿ ನಾವು ಬಿಪಿ ಇಳಿಸಿದೆವು, ಸುಮಾರು ಐವತ್ತು ವರ್ಷಗಳ ಬಳಿಕ ಅದನ್ನೇ ಕೂಡಿಹಾಕಿ ತೂಕ ಇಳಿಸಲು ಹೊರಟೆವು. ಬಿಪಿ ಏರಿದ್ದರಲ್ಲಿ ಆಶ್ಚರ್ಯವೇನಿದೆ?

ಆಶ್ಚರ್ಯವಿದ್ದದ್ದು ಇಷ್ಟೇ: ಏರಿಕೆ ತೀರ ಸಣ್ಣದು, ಹಾಗಾಗಿ ಬಹಳ ಜನ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ತೂಕ ಇಳಿಯುತ್ತಿದೆಯಲ್ಲ, ಅದರ ಲಾಭ ಈ ಸಣ್ಣ ನಷ್ಟವನ್ನು ನುಂಗಿಹಾಕುತ್ತದೆ ಎಂಬ ಲೆಕ್ಕಾಚಾರ. ಇದನ್ನು ಒರೆಗೆ ಹಚ್ಚಿದ್ದು ಸ್ಕೌಟ್ ಎಂಬ ಪ್ರಯೋಗ, ಫಲಿತಾಂಶ ಬಂದದ್ದು 2010ರಲ್ಲಿ. ಹೃದ್ರೋಗ ಅಥವಾ ಸಕ್ಕರೆ ಕಾಯಿಲೆ ಇದ್ದ ಸುಮಾರು 9,800 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಿಬುಟ್ರಮಿನ್, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟರು. ಎರಡೂ ಗುಂಪಿನಲ್ಲಿ ರಕ್ತದೊತ್ತಡ ಇಳಿಯಿತು! ಆದರೆ ಹುಸಿಮಾತ್ರೆಯವರಲ್ಲಿ ಸ್ವಲ್ಪ ಹೆಚ್ಚು ಇಳಿಯಿತು. ವ್ಯತ್ಯಾಸ ಸರಾಸರಿ ಒಂದೂಕಾಲು ಮಿಲಿಮೀಟರಿನಷ್ಟು (ಬಿಪಿ ಅಳೆಯುವ ಪಾದರಸದ ಅಳತೆ). ಕೊನೆಗೆ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಸಿಬುಟ್ರಮಿನ್ ಗುಂಪಿನ ಶೇ 11.4 ಜನರಿಗೆ ಆದವು, ಹುಸಿಮಾತ್ರೆಯ ಗುಂಪಿನಲ್ಲಿ ಶೇ 10 ಜನರಿಗೆ. ತೂಕ ಹೆಚ್ಚು ಇಳಿದ ಗುಂಪಿಗೇ ಹೆಚ್ಚು ತೊಂದರೆ. ಯುರೋಪ್, ಅಮೆರಿಕ ಅದೇ ವರ್ಷ ಔಷಧವನ್ನು ಹಿಂತೆಗೆದವು, ಭಾರತ 2011ರಲ್ಲಿ ನಿಷೇಧಿಸಿತು.

ಈ ಪ್ರಯೋಗದಿಂದ ನನ್ನ ಕ್ಷೇತ್ರದವರು ಕಲಿತದ್ದನ್ನೇ ನಿಮಗೂ ಹೇಳಬೇಕಾಗಿದೆ. ಬೊಜ್ಜಿನ ಔಷಧವನ್ನು ಎಷ್ಟು ಕಿಲೋ ಇಳಿಸಿತು ಎಂದು ಮಾತ್ರ ಕೇಳಬಾರದು, ಯಾವ ದಾರಿಯಲ್ಲಿ ಇಳಿಸಿತು ಎಂದೂ ಕೇಳಬೇಕು. ತೂಕ ಮತ್ತು ರಕ್ತದೊತ್ತಡ ಒಂದನ್ನೊಂದು ಹಿಂಬಾಲಿಸಿಯೇ ತೀರುತ್ತವೆ ಎಂಬ ಭರವಸೆ ದೇಹದಲ್ಲಿ ಎಲ್ಲಿಯೂ ಬರೆದಿಲ್ಲ.

ಅದೇಕೆ ಹಾಗೆ? ಬೊಜ್ಜು ಬಂದವರಿಗೆ ಬಿಪಿ ಏಕೆ ಏರುತ್ತದೆ ಎಂಬಲ್ಲಿಂದ ಶುರು ಮಾಡಬೇಕು. ದಪ್ಪ ದೇಹಕ್ಕೆ ಹೆಚ್ಚು ರಕ್ತ ಬೇಕು, ಹೃದಯ ಹೆಚ್ಚು ತಳ್ಳಬೇಕು, ಅದಕ್ಕೇ ಒತ್ತಡ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಕಥೆಯೂ ಅಲ್ಲ. ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಹಾಲ್ ಅವರ ತಂಡ ದಶಕಗಳಿಂದ ಇದೇ ಪ್ರಶ್ನೆಯ ಹಿಂದೆ ಬಿದ್ದಿದೆ. 1995ರಲ್ಲಿ ಅವರು ನಾಯಿಗಳಿಗೆ ಕೊಬ್ಬಿನ ಆಹಾರ ಕೊಟ್ಟು ಬೊಜ್ಜು ಬರಿಸಿದರು. ಕೆಲವು ನಾಯಿಗಳಲ್ಲಿ ಮೂತ್ರಪಿಂಡಕ್ಕೆ ಹೋಗುವ ನರಗಳನ್ನು ಮೊದಲೇ ಕತ್ತರಿಸಿದ್ದರು. ಎರಡೂ ಗುಂಪಿನ ನಾಯಿಗಳು ದಪ್ಪಗಾದವು, ಆದರೆ ನರ ಕತ್ತರಿಸಿದವುಗಳಲ್ಲಿ ರಕ್ತದೊತ್ತಡದ ಏರಿಕೆ ಬಹುಮಟ್ಟಿಗೆ ತಪ್ಪಿತು. ಕೊಬ್ಬು ಇದ್ದೂ ಒತ್ತಡ ಏರಲಿಲ್ಲ. ಅಂದರೆ ಕೊಬ್ಬಿನ ಸುದ್ದಿಯನ್ನು ಮೂತ್ರಪಿಂಡಕ್ಕೆ ಮುಟ್ಟಿಸಿ, ಉಪ್ಪನ್ನು ಹೊರಹಾಕಬೇಡ, ಹಿಡಿದಿಟ್ಟುಕೋ ಎಂದು ಹೇಳುತ್ತಿದ್ದದ್ದು ಆ ನರಗಳು. ಸಿಂಪಥೆಟಿಕ್ ನರಜಾಲ ಎನ್ನುತ್ತೇವೆ. ಗಾಬರಿಯಾದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವುದೂ ಅದೇ.

ಆ ಸುದ್ದಿ ಹೊರಡುವುದು ಎಲ್ಲಿಂದ? 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್‌ನ ಜೀನನ್ನು ಪತ್ತೆ ಹಚ್ಚಿತು. ಕೊಬ್ಬಿನ ಕೋಶಗಳು ಸ್ರವಿಸುವ ಈ ಹಾರ್ಮೋನು ಮಿದುಳಿಗೆ ಹೋಗಿ ದಾಸ್ತಾನು ಸಾಕಷ್ಟಿದೆ, ಇನ್ನು ತಿನ್ನಬೇಡ ಎಂದು ತಿಳಿಸುತ್ತದೆ, ಜೊತೆಗೆ ಸಿಂಪಥೆಟಿಕ್ ನರಗಳನ್ನೂ ಚುರುಕುಗೊಳಿಸುತ್ತದೆ. ಹಳ್ಳಿಯಲ್ಲಿ ಮನೆಗಳ ದೀಪಕ್ಕೂ ತೋಟದ ಪಂಪ್‌ಸೆಟ್ಟಿಗೂ ಒಂದೇ ಟ್ರಾನ್ಸ್‌ಫಾರ್ಮರ್ ಇದ್ದಂತೆ, ಹಸಿವಿಗೂ ರಕ್ತದೊತ್ತಡಕ್ಕೂ ಇಲ್ಲಿ ಒಂದೇ ಕೇಂದ್ರದಿಂದ ತಂತಿ ಎಳೆದಿದೆ. ಬೊಜ್ಜಿನಲ್ಲಿ ಲೆಪ್ಟಿನ್ ಅಪಾರವಾಗಿ ಏರುತ್ತದೆ. ಹಸಿವಿನ ಕಡೆಯ ತಂತಿ ಅದಕ್ಕೆ ಕಿವಿಗೊಡುವುದನ್ನು ಬಿಟ್ಟುಬಿಡುತ್ತದೆ, ರಕ್ತದೊತ್ತಡದ ಕಡೆಯದು ಕೇಳುತ್ತಲೇ ಇರುತ್ತದೆ. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ, ಜಗತ್ತಿನಲ್ಲಿ ತೀರ ಅಪರೂಪವಾದ ಜನರಿದ್ದಾರೆ. ಅವರಿಗೆ ಬಾಲ್ಯದಿಂದಲೇ ವಿಪರೀತ ಬೊಜ್ಜು, ಆದರೆ ಅಷ್ಟು ಬೊಜ್ಜಿಗೆ ನಿರೀಕ್ಷಿಸುವಂಥ ರಕ್ತದೊತ್ತಡ ಅವರಲ್ಲಿ ಕಾಣುವುದಿಲ್ಲ.

ಇದಕ್ಕಿಂತ ಕಣ್ತೆರೆಸಿದ ಅಧ್ಯಯನ ಇನ್ನೊಂದಿದೆ. ಲೆಪ್ಟಿನ್‌ನ ಸಂದೇಶ ಮಿದುಳಿನಲ್ಲಿ ಮುಂದೆ ಸಾಗುವುದು ಎಂಸಿ4 ಎಂಬ ಗ್ರಾಹಕದ, ಅಂದರೆ ಕೋಶದಲ್ಲಿದ್ದು ಸಂದೇಶವನ್ನು ಹಿಡಿದುಕೊಳ್ಳುವ ಅಂಶದ, ಮೂಲಕ. ಕೇಂಬ್ರಿಜ್‌ನ ಸದಫ್ ಫಾರೂಕಿ ಮತ್ತು ಸ್ಟೀಫನ್ ಓ'ರಾಹಿಲಿ ಅವರ ಬಳಗ ಈ ಗ್ರಾಹಕ ಜನ್ಮತಃ ಕೆಟ್ಟಿರುವ ಬೊಜ್ಜಿನವರನ್ನು, ಅಷ್ಟೇ ಬೊಜ್ಜಿದ್ದು ಗ್ರಾಹಕ ಸರಿಯಿರುವವರ ಜೊತೆ ಹೋಲಿಸಿ 2009ರಲ್ಲಿ ಪ್ರಕಟಿಸಿತು. ಗ್ರಾಹಕ ಕೆಟ್ಟವರಲ್ಲಿ ಶೇ 24 ಜನರಿಗೆ ಮಾತ್ರ ರಕ್ತದೊತ್ತಡ, ಉಳಿದವರಲ್ಲಿ ಶೇ 53 ಜನರಿಗೆ. ಅದೇ ಅಧ್ಯಯನದಲ್ಲಿ ಈ ಗ್ರಾಹಕವನ್ನು ಕೆರಳಿಸುವ, ಅಂದರೆ ಹಸಿವು ತಗ್ಗಿಸಬೇಕಾದ ಒಂದು ಪ್ರಾಯೋಗಿಕ ಔಷಧವನ್ನು ಸ್ವಯಂಸೇವಕರಿಗೆ ಏಳು ದಿನ ಕೊಟ್ಟು ನೋಡಿದ್ದರು. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟವರಿಗೆ ಮೇಲಿನ ಒತ್ತಡ ಸುಮಾರು 9 ಮಿಲಿಮೀಟರ್ ಏರಿತು. ಬೊಜ್ಜಿಗೆ ಇನ್ನೇನು ಮದ್ದು ಸಿಕ್ಕಿತು ಎಂದು ಕುಣಿಯುತ್ತಿದ್ದ ಎಷ್ಟೋ ಔಷಧ ತಯಾರಕರಿಗೆ ಅದು ತಣ್ಣೀರು. ಇದೇ ಗ್ರಾಹಕದ ಮೇಲೆ ಕೆಲಸ ಮಾಡುವ ಸೆಟ್‌ಮೆಲನೊಟೈಡ್ ಎಂಬ ಔಷಧ ಬಿಪಿ ಏರಿಸದೆ 2020ರಲ್ಲಿ ಪರವಾನಗಿ ಪಡೆಯಿತು. ಅದು ಕೆಲವು ವಿರಳ ಆನುವಂಶಿಕ ಬೊಜ್ಜುಗಳಿಗೆ ಮಾತ್ರ, ನಿಮ್ಮ ಮನೆಯ ವಿಷಯಕ್ಕೆ ಸಂಬಂಧಿಸಿದ್ದಲ್ಲ. (ಅದನ್ನು ತೆಗೆದುಕೊಂಡವರ ಚರ್ಮ ಕಪ್ಪಾಗುತ್ತದೆ. ಬಣ್ಣದ ಗ್ರಾಹಕ ಹಸಿವಿನ ಗ್ರಾಹಕದ ದಾಯಾದಿ.)

ಈಗ ನಿಮ್ಮ ಇಲಿಗಳಿಗೆ ಬರೋಣ. ಪತ್ರಿಕೆಯಲ್ಲಿ ಇಲಿಗಳಲ್ಲಿ ಕೊಬ್ಬು ಕರಗಿತು ಎಂದು ಓದುವಾಗ, ಆ ಪ್ರಯೋಗ ನಡೆಯುವುದು ಹೇಗೆ ಎಂದು ತಿಳಿದಿದ್ದರೆ ಅರ್ಧ ಭ್ರಮೆ ಅಲ್ಲೇ ಕಳಚುತ್ತದೆ.

ಔಷಧ ತಿಂದ ಇಲಿ ಕಡಿಮೆ ಉಣ್ಣುತ್ತದೆ, ಅದರ ಬಿಪಿಯೂ ಇಳಿಯುತ್ತದೆ ಎನ್ನಿ. ಇಳಿಸಿದ್ದು ಔಷಧವೋ, ಉಪವಾಸವೋ? ಕಡಿಮೆ ಉಂಡರೆ ಸಾಕು, ಇಲಿಯ ಸಿಂಪಥೆಟಿಕ್ ನರಗಳು ತಣ್ಣಗಾಗುತ್ತವೆ, ನಾಡಿ ಇಳಿಯುತ್ತದೆ, ಔಷಧವೇ ಬೇಕಿಲ್ಲ. ಅದಕ್ಕಾಗಿ ನಾವು ಮೂರು ಗುಂಪು ಮಾಡುತ್ತೇವೆ. ಒಂದಕ್ಕೆ ಔಷಧ, ಇನ್ನೊಂದಕ್ಕೆ ಔಷಧವಿಲ್ಲದೆ ಹೊಟ್ಟೆ ತುಂಬ ಆಹಾರ. ಮೂರನೆಯದಕ್ಕೆ ಔಷಧವಿಲ್ಲ, ಆದರೆ ಔಷಧದ ಗುಂಪು ನಿನ್ನೆ ಎಷ್ಟು ಗ್ರಾಂ ತಿಂದಿತೋ ಅಷ್ಟನ್ನೇ ತೂಗಿ ಇಂದು ಕೊಡುತ್ತೇವೆ. ಬೇಸರದ ಕೆಲಸ, ದಿನವೂ ಚೆಲ್ಲಿದ ಚೂರನ್ನೆಲ್ಲ ಗುಡಿಸಿ ತೂಗಬೇಕು. ಆದರೆ ಸತ್ಯ ಇರುವುದು ಆ ಮೂರನೆಯ ಪಂಜರದಲ್ಲಿ. ಔಷಧದ ಇಲಿಗಳ ಒತ್ತಡ ಹೊಟ್ಟೆ ತುಂಬ ಉಂಡವಕ್ಕಿಂತ ಕಡಿಮೆ, ಆದರೆ ಅರೆಹೊಟ್ಟೆಯವಕ್ಕಿಂತ ಹೆಚ್ಚು ಎಂದು ಕಂಡರೆ, ಔಷಧ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುತ್ತಿದೆ ಎಂದು ಅರ್ಥ. ಮನುಷ್ಯರ ಮೇಲಿನ ಸ್ಕೌಟ್ ಪ್ರಯೋಗ ಕೊನೆಗೆ ತೋರಿಸಿದ್ದು ಇದನ್ನೇ ತಾನೆ? ಮೂರನೆಯ ಪಂಜರ ಇಲ್ಲದ ಬೊಜ್ಜಿನ ಪ್ರಬಂಧ ನನ್ನ ಮೇಜಿಗೆ ಬಂದರೆ ನಾನು ಮುಂದಕ್ಕೆ ಓದುವುದು ಕಡಿಮೆ.

ಒತ್ತಡ ಅಳೆಯುವುದೂ ಸುಲಭವಲ್ಲ. ಇಲಿಯನ್ನು ಇಕ್ಕಟ್ಟಾದ ಕೊಳವೆಗೆ ತಳ್ಳಿ, ಬಾಲವನ್ನು ಬೆಚ್ಚಗೆ ಮಾಡಿ, ಬಾಲಕ್ಕೆ ಪುಟ್ಟ ಪಟ್ಟಿ ಕಟ್ಟಿ ಅಳೆಯುವುದು ಹಳೆಯ ಕ್ರಮ. ಹಾಗೆ ಹಿಡಿದಾಗಲೇ ಅದರ ಬಿಪಿ ಏರಿರುತ್ತದೆ. ಈಗ ಮಹಾಧಮನಿಗೆ ಸಣ್ಣ ನಳಿಕೆ ಸೇರಿಸಿ, ಹೊಟ್ಟೆಯೊಳಗೆ ರೇಡಿಯೊ ಸಾಧನ ಇಟ್ಟು, ಇಲಿ ತನ್ನ ಪಾಡಿಗೆ ಓಡಾಡುವಾಗ ಹಗಲೂ ರಾತ್ರಿ ಅಳೆಯುತ್ತೇವೆ. ಇಲಿ ನಿಶಾಚರಿ, ಅದರ ಒತ್ತಡ ಏರುವುದು ರಾತ್ರಿ. ಸಂಶೋಧಕರು ಹಗಲಿನಲ್ಲಿ ಮಾತ್ರ ಅಳೆದರೆ ಕಾಣುವುದು ಮಲಗಿದ ಇಲಿಯ ಬಿಪಿ.

ಟೆಲ್ಮಿಸಾರ್ಟಾನ್ ಬಗ್ಗೆ ನೀವು ಓದಿದ್ದಕ್ಕೆ ಆಧಾರವಿದೆ. 2004ರಲ್ಲಿ ಥಿಯೊಡೋರ್ ಕರ್ಟ್ಜ್ ಅವರ ತಂಡ, ಈ ಔಷಧ ರಕ್ತನಾಳ ಬಿಗಿಯುವ ಆಂಜಿಯೊಟೆನ್ಸಿನ್ ಅನ್ನು ತಡೆಯುವುದರ ಜೊತೆಗೆ, ಸಕ್ಕರೆ ಮತ್ತು ಕೊಬ್ಬಿನ ನಿರ್ವಹಣೆಯಲ್ಲಿ ಪಾಲುಗೊಳ್ಳುವ ಪಿಪಿಎಆರ್ ಗ್ಯಾಮಾ ಎಂಬ ಇನ್ನೊಂದು ಗ್ರಾಹಕವನ್ನೂ ಸ್ವಲ್ಪ ಮಟ್ಟಿಗೆ ಎಬ್ಬಿಸುತ್ತದೆ ಎಂದು ತೋರಿಸಿತು. ಕೊಬ್ಬಿನ ಆಹಾರ ತಿನ್ನುವ ಇಲಿಗಳು ಈ ಔಷಧದೊಂದಿಗೆ ಅಷ್ಟಾಗಿ ದಪ್ಪಗಾಗಲಿಲ್ಲ ಎಂಬ ವರದಿಗಳೂ ಬಂದವು. ದಪ್ಪಗಾಗಲಿಲ್ಲ ಎಂಬುದನ್ನು ಗಮನಿಸಿ. ಅವು ಬೆಳೆಯುವ ವಯಸ್ಸಿನ ಇಲಿಗಳು, ಏರಬೇಕಾದಷ್ಟು ತೂಕ ಏರಲಿಲ್ಲ ಅಷ್ಟೇ. ಐವತ್ತೆರಡರ ಮನುಷ್ಯನ ಹೊಟ್ಟೆಯ ಸುತ್ತ ಕೂತ ಕೊಬ್ಬು ಎದ್ದು ಹೋಗುವುದು ಬೇರೆ ಮಾತು. ಮೋಜೆಂದರೆ ಅದೇ ಗ್ರಾಹಕವನ್ನು ಪೂರ್ಣವಾಗಿ ಎಬ್ಬಿಸುವ ಪಯೊಗ್ಲಿಟಜೋನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ತೂಕವನ್ನು ಏರಿಸುತ್ತದೆ. 25,620 ಜನರ ಆನ್‌ಟಾರ್ಗೆಟ್ ಪ್ರಯೋಗದ ಫಲಿತಾಂಶ 2008ರಲ್ಲಿ ಬಂತು. ಟೆಲ್ಮಿಸಾರ್ಟಾನ್, ಪಿಪಿಎಆರ್ ಗೊಡವೆಯೇ ಇಲ್ಲದ ರಾಮಿಪ್ರಿಲ್ ಎಂಬ ಇನ್ನೊಂದು ಬಿಪಿ ಮಾತ್ರೆಗೆ ಸಮನಾಗಿ ಹೃದಯವನ್ನು ಕಾಪಾಡಿತು, ಅದಕ್ಕಿಂತ ಹೆಚ್ಚಾಗಿ ಅಲ್ಲ. ಒಳ್ಳೆಯ ಬಿಪಿ ಮಾತ್ರೆ, ಬೊಜ್ಜಿನ ಮಾತ್ರೆಯಲ್ಲ. ಕೊಬ್ಬು ಕರಗಲೆಂದು ಎರಡೆರಡು ನುಂಗುವ ಯೋಚನೆ ಇದ್ದರೆ ಕೈಬಿಡಿ.

ಇನ್ನೊಂದು ಸಂಗತಿ ಪತ್ರಿಕೆಗಳಿಗೆ ತಲುಪುವುದೇ ಇಲ್ಲ. ಚಿಟ್ಟಿಲಿಗೆ ಹಿತವಾದ ಉಷ್ಣತೆ ಸುಮಾರು 30 ಡಿಗ್ರಿ. ಪ್ರಯೋಗಾಲಯದ ಕೋಣೆಗಳನ್ನು ಮನುಷ್ಯರ ಅನುಕೂಲಕ್ಕೆ 22ರ ಆಸುಪಾಸಿನಲ್ಲಿ ಇಡುತ್ತಾರೆ. ಪಾಪದ ಪ್ರಾಣಿ ದಿನವಿಡೀ ಚಳಿಗೆ ಕಂದು ಕೊಬ್ಬನ್ನು, ಅಂದರೆ ಮೈ ಬೆಚ್ಚಗಿಡಲು ಶಾಖ ಹುಟ್ಟಿಸುವ ಕೊಬ್ಬನ್ನು, ಉರಿಸುತ್ತಿರುತ್ತದೆ. ಆ ಉರಿಗೆ ಇನ್ನಷ್ಟು ಗಾಳಿ ಹಾಕುವ ಔಷಧ ಕೊಟ್ಟರೆ ಅದು ಸಪೂರವಾಗದೆ ಏನಾಗುತ್ತದೆ? ಮನುಷ್ಯರಲ್ಲಿ ಕಂದು ಕೊಬ್ಬು ಅಲ್ಪ. ಮೂತ್ರಕೋಶದ ಔಷಧ ಮಿರಾಬೆಗ್ರಾನ್ ಅನ್ನು ಮಾಮೂಲಿ 50 ಮಿಲಿಗ್ರಾಂ ಬದಲು 200 ಮಿಲಿಗ್ರಾಂ ಕೊಟ್ಟಾಗ ಕಂದು ಕೊಬ್ಬು ಚುರುಕಾದದ್ದು 2015ರಲ್ಲಿ ಕಂಡುಬಂತು. ಜೊತೆಗೆ ನಾಡಿಯೂ ಬಿಪಿಯೂ ಏರಿದವು. ಮತ್ತೆ ಅದೇ ತಂತಿ.

ಇಷ್ಟೆಲ್ಲ ಹಿನ್ನೆಲೆಯಲ್ಲಿ ಸೆಮಾಗ್ಲುಟೈಡ್ ನೋಡಿದರೆ ಅದು ಬೇರೆಯೇ ಜಾತಿ ಎಂಬುದು ಕಾಣುತ್ತದೆ. ಉಂಡ ಮೇಲೆ ನಮ್ಮ ಕರುಳು ಸ್ರವಿಸುವ ಜಿಎಲ್‌ಪಿ-1 ಎಂಬ ಹಾರ್ಮೋನಿನ ಬಾಳಿಕೆ ಒಂದೆರಡು ನಿಮಿಷ. ಅದನ್ನೇ ರಾಸಾಯನಿಕವಾಗಿ ತಿದ್ದಿ ಸುಮಾರು ಒಂದು ವಾರ ಬಾಳುವಂತೆ ಮಾಡಿದ್ದು ಸೆಮಾಗ್ಲುಟೈಡ್. ಈ ವರ್ಗದ ಮೊದಲ ಔಷಧ ಎಕ್ಸೆನಟೈಡ್ ಬಂದದ್ದು ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನ ಅಂಶದಿಂದ. ಜಾನ್ ಎಂಗ್ ಅದನ್ನು ಪತ್ತೆ ಹಚ್ಚಿ 1992ರಲ್ಲಿ ಪ್ರಕಟಿಸಿದ್ದರು. ಬಿಪಿಯ ಕ್ಯಾಪ್ಟೊಪ್ರಿಲ್‌ಗೆ ಸುಳಿವು ಸಿಕ್ಕದ್ದು ಬ್ರೆಜಿಲ್‌ನ ಜರರಾಕ ಹಾವಿನ ವಿಷದಲ್ಲಿ, ಟೆಲ್ಮಿಸಾರ್ಟಾನ್ ಕೆಲಸ ಮಾಡುವುದೂ ಅದೇ ಆಂಜಿಯೊಟೆನ್ಸಿನ್ ಸರಪಳಿಯ ಇನ್ನೊಂದು ಕೊಂಡಿಯಲ್ಲಿ. ಬಿಪಿಗೆ ಹಾವು, ಬೊಜ್ಜಿಗೆ ಹಲ್ಲಿ. ನಮ್ಮ ಕ್ಷೇತ್ರಕ್ಕೆ ತೆವಳುವ ಪ್ರಾಣಿಗಳ ಋಣ ದೊಡ್ಡದು.

2021ರಲ್ಲಿ ಪ್ರಕಟವಾದ ಸ್ಟೆಪ್ 1 ಪ್ರಯೋಗದಲ್ಲಿ 1,961 ಜನರಿದ್ದರು. 68 ವಾರಗಳಲ್ಲಿ ಸೆಮಾಗ್ಲುಟೈಡ್‌ನವರ ತೂಕ ಸರಾಸರಿ ಶೇ 14.9ರಷ್ಟು, ಹುಸಿಮದ್ದಿನವರದು ಶೇ 2.4ರಷ್ಟು ಇಳಿಯಿತು. ಮೇಲಿನ ರಕ್ತದೊತ್ತಡ ಒಂದರಲ್ಲಿ ಸುಮಾರು 6, ಇನ್ನೊಂದರಲ್ಲಿ ಸುಮಾರು 1 ಮಿಲಿಮೀಟರ್ ಇಳಿಯಿತು. ಮುಖ್ಯವಾದದ್ದು 2023ರ ಸೆಲೆಕ್ಟ್ ಪ್ರಯೋಗ. ಸಕ್ಕರೆ ಕಾಯಿಲೆ ಇಲ್ಲದ, ಆದರೆ ಹೃದಯ ಅಥವಾ ರಕ್ತನಾಳದ ಕಾಯಿಲೆ ಆಗಲೇ ಇದ್ದ 17,604 ಜನರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವು ಒಟ್ಟಾರೆ ಶೇ 20ರಷ್ಟು ಕಡಿಮೆಯಾದವು. ಸ್ಕೌಟ್ ಸೋತದ್ದು ಎಲ್ಲಿಯೋ ಇದು ಗೆದ್ದದ್ದು ಅಲ್ಲಿಯೇ. ನಿಮ್ಮಣ್ಣನಿಗೆ ತೋರಿಸಬೇಕಾದ ಅಂಕಿ ಇದು.

ಬಿಪಿ ಇಳಿಯುವುದಕ್ಕೆ ತೂಕವೊಂದೇ ಕಾರಣವಲ್ಲ. ತೂಕ ಹೆಚ್ಚೇನೂ ಇಳಿಯುವ ಮೊದಲೇ ಒತ್ತಡ ಇಳಿಯತೊಡಗುವುದು ಈ ವರ್ಗದ ಔಷಧಗಳಲ್ಲಿ ಕಂಡಿದೆ. ಮೂತ್ರಪಿಂಡ ಹೆಚ್ಚು ಉಪ್ಪನ್ನು ಹೊರಹಾಕುತ್ತದೆ, ರಕ್ತನಾಳಗಳು ಸಡಿಲವಾಗುತ್ತವೆ. ಹೃದಯದಿಂದ ಹೊರಡುವ ಎಎನ್‌ಪಿ ಎಂಬ ಹಾರ್ಮೋನೇ ಇದಕ್ಕೆ ಮೂಲ ಎಂದು 2013ರಲ್ಲಿ ಟೊರಾಂಟೊದ ಡೇನಿಯಲ್ ಡ್ರಕರ್ ತಂಡ ಚಿಟ್ಟಿಲಿಗಳಲ್ಲಿ ಬಲು ಅಂದವಾಗಿ ತೋರಿಸಿತು. ಮನುಷ್ಯರಲ್ಲಿ ಹುಡುಕಿದಾಗ ಎಎನ್‌ಪಿ ಏರಿದ್ದು ಕಾಣಲಿಲ್ಲ. ಇಲಿಯಿಂದ ಮನುಷ್ಯನಿಗೆ ಸೇತುವೆ ಹೀಗೆ ಮುರಿಯುವುದು ನಮಗೆ ನಿತ್ಯದ ಅನುಭವ. ಊಟ ಕಡಿಮೆಯಾದಾಗ ಅದರೊಂದಿಗೆ ಬರುವ ಉಪ್ಪಿನಕಾಯಿ, ಹಪ್ಪಳ, ಸಾರಿನ ಉಪ್ಪೂ ಕಡಿಮೆಯಾಗುತ್ತದೆ ಎಂಬುದನ್ನೂ ಮರೆಯಬೇಡಿ.

ಹಾಗಾದರೆ ನಿಷ್ಕಳಂಕವೇ? ಇಲ್ಲ. ಈ ಔಷಧವೂ ನಾಡಿಯನ್ನು ನಿಮಿಷಕ್ಕೆ ಎರಡರಿಂದ ನಾಲ್ಕು ಬಡಿತದಷ್ಟು ಏರಿಸುತ್ತದೆ. ಅಟೆನೊಲಾಲ್ ನಾಡಿಯನ್ನು ನಿಧಾನಿಸುವುದರಿಂದ ನಿಮ್ಮ ಯಜಮಾನರಲ್ಲಿ ಅದು ಕಣ್ಣಿಗೆ ಬೀಳದಿರಬಹುದು. ವಾಕರಿಕೆ, ವಾಂತಿ, ಭೇದಿ ಅಥವಾ ಮಲಬದ್ಧತೆ ಮೊದಲ ತಿಂಗಳುಗಳಲ್ಲಿ ಸಾಮಾನ್ಯ. ಅದಕ್ಕಾಗಿಯೇ 0.25 ಮಿಲಿಗ್ರಾಂನಿಂದ ಶುರು ಮಾಡಿ ನಾಲ್ಕು ವಾರಕ್ಕೊಮ್ಮೆ ಏರಿಸುತ್ತಾರೆ. ಮೇದೋಜೀರಕ ಗ್ರಂಥಿಯ ಉರಿಯೂತ ಹಿಂದೆ ಬಂದಿದ್ದರೆ, ಮನೆತನದಲ್ಲಿ ಥೈರಾಯ್ಡ್‌ನ ಮೆಡುಲ್ಲರಿ ಕ್ಯಾನ್ಸರ್ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ನಾದಿನಿಯ ಮಾತಿನಲ್ಲಿಯೂ ಹುರುಳಿದೆ, ಆದರೆ ಅವರು ಅಂದುಕೊಂಡಷ್ಟಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ತಡೆ ಮಾತ್ರೆಗಳು ತೂಕವನ್ನು ಸರಾಸರಿ ಒಂದೂಕಾಲು ಕಿಲೋ ಏರಿಸುತ್ತವೆ, ಅದೂ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲಿ. ದೇಹ ಉರಿಸುವ ಶಕ್ತಿ ಸ್ವಲ್ಪ ತಗ್ಗುತ್ತದೆ, ಮೆಟ್ಟಿಲು ಹತ್ತಿದರೆ ಬೇಗ ದಣಿವಾಗುತ್ತದೆ, ನಡಿಗೆ ಕಡಿಮೆಯಾಗುತ್ತದೆ. 98 ಕಿಲೋಗೆ ಅದನ್ನು ಹೊಣೆ ಮಾಡುವುದು ಅನ್ಯಾಯ. ಆದರೂ ಬೊಜ್ಜಿರುವವರಿಗೆ ಬೇರೆ ಕಾರಣವಿಲ್ಲದೆ ಅಟೆನೊಲಾಲ್ ಮುಂದುವರಿಸುವುದು ನನಗೆ ಇಷ್ಟವಿಲ್ಲದ ಅಭ್ಯಾಸ. ಹಿಂದೆ ಹೃದಯಾಘಾತವೋ ನಾಡಿಯ ಏರುಪೇರೋ ಆಗಿ ಬರೆದದ್ದಾದರೆ ಸರಿ, ಅದು ಬೇಕೇ ಬೇಕು. ಬರೀ ಬಿಪಿಗೆ ಬರೆದದ್ದಾದರೆ, ಅದೇ ವರ್ಗದ ಕಾರ್ವೆಡಿಲಾಲ್ ತೂಕ ಅಷ್ಟಾಗಿ ಏರಿಸುವುದಿಲ್ಲ, ಬೇರೆ ವರ್ಗದ ಮಾತ್ರೆಗಳೂ ಇವೆ. ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳುವುದು ಅಧಿಕಪ್ರಸಂಗವಲ್ಲ. ಬದಲಾಯಿಸಿದ ಮೇಲೆ ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ಬಂದು ಕಾಲು ಊದಿಕೊಂಡರೆ ಅದು ಕೊಬ್ಬಲ್ಲ, ನೀರು.

ಕೊನೆಯ ಪ್ರಶ್ನೆ, ತೂಕ ಇಳಿದ ಮೇಲೆ ಬಿಪಿ ಮಾತ್ರೆ ಬಿಡಬಹುದೇ? ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಒಂದು ಕಿಲೋ ಇಳಿದರೆ ಮೇಲಿನ ಒತ್ತಡ ಸರಿಸುಮಾರು ಒಂದು ಮಿಲಿಮೀಟರ್ ಇಳಿಯುತ್ತದೆ. ಹಾಗಾಗಿ ಪ್ರಮಾಣ ತಗ್ಗಿಸಬೇಕಾಗಿ ಬರುವುದು ಖಂಡಿತ ಸಾಧ್ಯ, ಕೆಲವರಿಗೆ ಒಂದು ಮಾತ್ರೆ ಪೂರ್ತಿ ತಪ್ಪುತ್ತದೆ. ಆದರೆ ಸ್ವೀಡನ್ನಿನಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನದ ಫಲಿತಾಂಶ ನನ್ನನ್ನು ಹುಷಾರಾಗಿಸುತ್ತದೆ. ಎಂಟು ವರ್ಷಗಳ ಬಳಿಕವೂ ಅವರು ಸರಾಸರಿ 20 ಕಿಲೋ ಇಳಿಕೆಯನ್ನು ಉಳಿಸಿಕೊಂಡಿದ್ದರು, ಸಕ್ಕರೆ ಕಾಯಿಲೆ ಅವರಲ್ಲಿ ಗಣನೀಯವಾಗಿ ಕಡಿಮೆಯಿತ್ತು. ರಕ್ತದೊತ್ತಡ ಮಾತ್ರ ಮೊದಲಿಗೆ ಇಳಿದು ಆಮೇಲೆ ಹಿಂದಿರುಗಿತ್ತು. ಚುಚ್ಚುಮದ್ದು ನಿಲ್ಲಿಸಿದರೂ ಹೀಗೆಯೇ. ಸ್ಟೆಪ್ 1ರಲ್ಲಿದ್ದ ಕೆಲವರನ್ನು ನಿಲ್ಲಿಸಿದ ಮೇಲೆ ಒಂದು ವರ್ಷ ಗಮನಿಸಿದಾಗ, ಇಳಿದ ತೂಕದ ಮೂರನೆಯ ಎರಡರಷ್ಟು ಮರಳಿತ್ತು, ಬಿಪಿ ಮೊದಲಿದ್ದಲ್ಲಿಗೇ ಬಂದಿತ್ತು. ಆದ್ದರಿಂದ ಮಾತ್ರೆ ಬಿಡುವುದು ಬಿಡದಿರುವುದನ್ನು ತಕ್ಕಡಿ ಹೇಳಬಾರದು, ಬಿಪಿ ಯಂತ್ರ ಹೇಳಬೇಕು.

ಆ ಯಂತ್ರದ ತೋಳುಪಟ್ಟಿಯನ್ನು ಇವತ್ತೇ ನೋಡಿ. ದಪ್ಪ ತೋಳಿಗೆ ಸಾಮಾನ್ಯ ಅಳತೆಯ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ. 2023ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನವರು ಅಳೆದು ನೋಡಿದಾಗ, ಅತಿ ದೊಡ್ಡ ಪಟ್ಟಿ ಬೇಕಿದ್ದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದ್ದರಿಂದ ಮೇಲಿನ ಒತ್ತಡ 19.5 ಮಿಲಿಮೀಟರ್ ಹೆಚ್ಚು ತೋರಿತು. ನಮ್ಮ ಒಂದು ಔಷಧ ಹೆಣಗಾಡಿ ಇಳಿಸುವುದಕ್ಕಿಂತ ಹೆಚ್ಚಿನ ತಪ್ಪು ಒಂದು ಬಟ್ಟೆಪಟ್ಟಿಯಿಂದ! ಪಟ್ಟಿಯ ಮೇಲೆ ಸೆಂಟಿಮೀಟರ್ ಬರೆದಿರುತ್ತದೆ, ಮೇಲ್ತೋಳಿನ ಸುತ್ತಳತೆ ನೋಡಿ ಹೊಂದಿಸಿಕೊಳ್ಳಿ. ತೂಕ ಇಳಿಯುತ್ತ ತೋಳೂ ತೆಳುವಾಗುತ್ತದೆ, ಆಗ ಮತ್ತೆ ಬದಲಿಸಬೇಕಾಗಬಹುದು.

ಐದು ನಿಮಿಷ ಸುಮ್ಮನೆ ಕೂತು ಬೆಳಿಗ್ಗೆ ಸಂಜೆ ಅಳೆಯಲಿ, ಎದ್ದು ನಿಂತು ಒಂದೆರಡು ನಿಮಿಷದ ಮೇಲೆ ಇನ್ನೊಮ್ಮೆ. ಪುಸ್ತಕದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಮೇಲಿನ ಸಂಖ್ಯೆ 100ಕ್ಕಿಂತ ಕೆಳಗೆ ಬಂದರೆ, ಅಥವಾ ಎದ್ದಾಗ ತಲೆಸುತ್ತು ಬಂದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ. ಚುಚ್ಚುಮದ್ದಿನಿಂದ ವಾಂತಿಭೇದಿ ಜೋರಾಗಿ, ನೀರೂ ಹೊಟ್ಟೆಯಲ್ಲಿ ನಿಲ್ಲದ ದಿನಗಳಲ್ಲಿ ಟೆಲ್ಮಿಸಾರ್ಟಾನ್ ಮೂತ್ರಪಿಂಡಕ್ಕೆ ಭಾರವಾಗಬಹುದು. ಅಂಥ ದಿನ ಅದನ್ನು ತಡೆಹಿಡಿಯಬೇಕೇ ಎಂದು ಮೊದಲ ಚುಚ್ಚುಮದ್ದಿಗೆ ಮುಂಚೆಯೇ ಕೇಳಿ ಬರೆಸಿಕೊಳ್ಳಿ.

ನಿಮ್ಮಣ್ಣ ಅಂಗಡಿ ನಡೆಸುವವರಾದ್ದರಿಂದ ಒಂದು ಮಾತು ಅವರಿಗೂ. ನಿಷೇಧವಾದ ಸಿಬುಟ್ರಮಿನ್ ಪೂರ್ತಿ ಮಾಯವಾಗಿಲ್ಲ. ಅಪ್ಪಟ ಗಿಡಮೂಲಿಕೆ ಎಂದು ಮಾರುವ ತೂಕ ಇಳಿಸುವ ಪುಡಿ, ಕ್ಯಾಪ್ಸೂಲ್, ಕಾಫಿಗಳಲ್ಲಿ ಅದನ್ನು ಗುಟ್ಟಾಗಿ ಬೆರೆಸಿದ್ದನ್ನು ಅಮೆರಿಕದ ಔಷಧ ನಿಯಂತ್ರಕರು ಮತ್ತೆ ಮತ್ತೆ ಪತ್ತೆ ಹಚ್ಚಿ ಎಚ್ಚರಿಸಿದ್ದಾರೆ. ಅಂಥದ್ದೊಂದು ಡಬ್ಬಿ ನಿಮ್ಮ ಮನೆಯಲ್ಲಿದ್ದು, ಯಜಮಾನರು ಚುಚ್ಚುಮದ್ದಿನ ಜೊತೆ ಅದನ್ನೂ ಮುಂದುವರಿಸುವ ಆಲೋಚನೆಯಲ್ಲಿದ್ದರೆ, ಡಬ್ಬಿಯನ್ನು ವೈದ್ಯರ ಮೇಜಿನ ಮೇಲೆ ಇಟ್ಟು ಕೇಳಿ.